ಬಿಳಿ ಕಾಗದ ಅಂಟಿಸಿದ ತಟ್ಟೆ

ಲಕ್ವ ಹೊಡೆದ ಮೇಲೆ ಕ್ಲಿಫ್ ಪಿಲಿಂಗ್‌ನ ಬಾಯಲ್ಲಿ ಉಳಿದದ್ದು ಒಂದೇ ಮಾತು: ಹೂಂ. ಟೀ ಬೇಕಾ ಅಂದರೆ ಹೂಂ. ಸಾಕಾ ಅಂದರೂ ಹೂಂ. ನೋವಿದೆಯಾ ಅಂದರೆ ಹೂಂ, ನೋವಿಲ್ಲವಾ ಅಂದರೂ ಹೂಂ. ಒಳಗೆ ಇಡೀ ಮನುಷ್ಯ ಹಾಗೇ ಇದ್ದ, ಕಣ್ಣು ನೋಡಿದರೆ ಗೊತ್ತಾಗುತ್ತಿತ್ತು. ಬಾಗಿಲನ್ನು ಮಾತ್ರ ಯಾರೋ ಹೊರಗಿನಿಂದ ಜಡಿದುಬಿಟ್ಟಿದ್ದರು. ಹೆಂಡತಿ ನಾರ್ಮಾ ಮೊದಮೊದಲು ಇದನ್ನು ನಗೆಯಲ್ಲೇ ತೇಲಿಸಿದಳು. ಕ್ರಾಂಕ್‌ಶಾ ಊರಿನ ಹೆಂಗಸರು ಬೀದಿಯಲ್ಲಿ ಅಳುವವರಲ್ಲ. "ಮದುವೆಯಾದಾಗಿಂದ ನಾನು ಏತಿ ಅಂದ್ರೆ ಇವನು ಪ್ರೇತಿ ಅಂತಿದ್ದ. ಈಗ ನೋಡ್ರೇ, ಎಲ್ಲಾದಕ್ಕೂ ಹೂಂ. ಇಂಥ ಗಂಡ ಯಾರಿಗುಂಟು!" ಎಂದು ಮಾಂಸ ತುಂಬಿದ ಪೈ ಮಾರುವ ಅಂಗಡಿಯ ಸಾಲಿನಲ್ಲಿ ನಿಂತು ಹೇಳುತ್ತಿದ್ದಳು.

ಆ ಹೂಂ ಕೊರಳಿಗೆ ಉರುಳಾಗುತ್ತದೆಂದು ಅವಳಿಗೆ ಹೊಳೆದದ್ದು ಊರಿನ ಆಡಳಿತ ನೋಡುವ ಕೌನ್ಸಿಲ್ಲಿನ ಹೆಂಗಸು ಮನೆಗೆ ಬಂದ ದಿನ.

ಬಂದದ್ದಕ್ಕೆ ಕಾರಣವೂ ಇತ್ತು. ಕ್ಲಿಫ್‌ನನ್ನು ಹಾಸಿಗೆಯಿಂದ ಎತ್ತಿ ಕೂರಿಸಲು ಹೋಗಿ ನಾರ್ಮಾ ಸೊಂಟ ಉಳುಕಿಸಿಕೊಂಡು, ಇಬ್ಬರೂ ನೆಲದ ಮೇಲೆ ಬಿದ್ದು, ಪಕ್ಕದ ಮನೆಯವರು ಗೋಡೆಯಾಚೆಯಿಂದ ಸದ್ದು ಕೇಳಿ ಬಂದು ಎಬ್ಬಿಸಬೇಕಾಯಿತು. ಸುದ್ದಿ ಹೇಗೋ ಕೌನ್ಸಿಲ್ಲಿಗೆ ಹೋಯಿತು. ಮಿಸ್ ಬೀಸ್ಲಿ ಎಂಬ ಆ ಹೆಂಗಸು ಬೂದು ಕೋಟಿನ, ಮೆದು ದನಿಯ, ಟೀ ಕೊಟ್ಟರೆ ಥ್ಯಾಂಕ್ಸ್ ಹೇಳಿ ಪೂರ್ತಿ ಕುಡಿಯುವ ಹೆಂಗಸು. ಕೆಟ್ಟವಳಲ್ಲ. ಕೆಟ್ಟವಳಾಗಿದ್ದರೆ ನಾರ್ಮಾಗೆ ಜಗಳವಾಡಲು ಸುಲಭವಿತ್ತು.

"ಮಿಸ್ಟರ್ ಪಿಲಿಂಗ್, ಫರ್ನ್‌ಲೀ ಅಂತ ಒಂದು ಮನೆ ಇದೆ, ನಿಮ್ಮಂಥವರನ್ನ ನೋಡ್ಕೊಳ್ಳೋಕೆ. ಅಲ್ಲಿ ಒಂದು ಕೋಣೆ ಖಾಲಿ ಆಗಿದೆ. ಹೋಗ್ತೀರಾ?"

"ಹೂಂ," ಎಂದ ಕ್ಲಿಫ್.

ನಾರ್ಮಾ ಕುರ್ಚಿಯಿಂದ ಹಾರಿಬಿದ್ದಳು. "ಅಯ್ಯೋ, ಅವನು ಎಲ್ಲಾದಕ್ಕೂ ಹೂಂ ಅಂತಾನೆ ಕಣಮ್ಮಾ! ನೋಡು ಬೇಕಾದ್ರೆ. ಕ್ಲಿಫ್, ನಿನ್ನ ತಗೊಂಡೋಗಿ ಕಾಲುವೆಗೆ ಎಸೆದುಬಿಡ್ಲಾ?"

"ಹೂಂ."

ಮಿಸ್ ಬೀಸ್ಲಿ ನಗಲಿಲ್ಲ. ಕಪ್ಪನ್ನು ಮೆಲ್ಲಗೆ ಕೆಳಗಿಟ್ಟಳು. "ಅದೇ ತೊಂದರೆ, ಮಿಸೆಸ್ ಪಿಲಿಂಗ್. ತನಗೇನು ಬೇಕು, ಏನು ಬೇಡ ಅಂತ ಅವರೇ ಹೇಳೋಕಾದ್ರೆ ನಾನು ಅದನ್ನೇ ಕೇಳ್ತೀನಿ, ಆಣೆ. ಹೇಳೋಕಾಗದೇ ಇದ್ರೆ ಬೇರೆಯವರು ತೀರ್ಮಾನ ಮಾಡ್ಬೇಕಾಗತ್ತೆ. ನಿಮ್ಮ ಸೊಂಟ ನೋಡಿದ್ರೆ ಅವರು ಏನ್ ತೀರ್ಮಾನ ಮಾಡ್ತಾರೆ ಅಂತ ನಿಮಗೂ ಗೊತ್ತು. ಮುಂದಿನ ತಿಂಗಳು ಮತ್ತೆ ಬರ್ತೀನಿ."

ನಾರ್ಮಾಗೆ ಫರ್ನ್‌ಲೀ ಗೊತ್ತಿತ್ತು. ಅವಳ ಅಕ್ಕ ಅಲ್ಲೇ ಸತ್ತದ್ದು. ಗೋಡೆಗೆ ಆನಿಸಿಟ್ಟ ಕುರ್ಚಿಗಳ ಸಾಲು, ಬೇಯಿಸಿದ ಕೋಸಿನ ವಾಸನೆ, ಯಾರೂ ನೋಡದ ಟಿವಿ. ಬಾಯಿ ಇದ್ದವರೇ ಅಲ್ಲಿ ಬಾಯಿ ಕಳೆದುಕೊಳ್ಳುತ್ತಿದ್ದರು. ಅಂದು ಕ್ಲಿಫ್‌ನ ಕಣ್ಣುಗಳು ಅವಳನ್ನು ಅಡಿಗೆಮನೆಯವರೆಗೂ ಹಿಂಬಾಲಿಸಿದವು, ಅವನಿಗೆ ಎಲ್ಲ ಅರ್ಥವಾಗಿತ್ತು. ಅವಳು ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತಳು.

ರೆಕಾರ್ಡುಗಳ ಪೆಟ್ಟಿಗೆ ಸಿಕ್ಕಿದ್ದು ಅದೇ ವಾರ. ಸತ್ತ ಅಕ್ಕನ ಊರುಗೋಲು ಹುಡುಕಲೆಂದು ಮೆಟ್ಟಿಲ ಕೆಳಗಿನ ಗೂಡಿಗೆ ತಲೆ ಹಾಕಿದರೆ, ಹಳೆಯ ಪರದೆಗಳ ಹಿಂದೆ ಅದು ಕೂತಿತ್ತು. ಮೂಲೆಗೆ ತಗಡು ಬಡಿದ ಮರದ ಪೆಟ್ಟಿಗೆ, ಮುಚ್ಚಳದ ಮೇಲೆ ಕ್ಲಿಫ್‌ನ ಹೆಸರು. ತಾನು ಹಾಡು ಹಾಕುತ್ತಿದ್ದ ಕ್ಲಬ್ಬು ಮುಚ್ಚಿದ ವರ್ಷವೇ ಎಲ್ಲವನ್ನೂ ಮಾರಿಬಿಟ್ಟೆ ಎಂದು ಅವಳ ಮುಖಕ್ಕೇ ಹೇಳಿದ್ದ ಮಹಾಶಯ!

"ಸುಳ್ಳ!" ಎಂದು ಅವಳು ಗೂಡಿನೊಳಗಿಂದಲೇ ಕೂಗಿದಳು. "ಕಳ್ಳ ನನ್ಮಗನೇ, ಇಲ್ಲೇ ಇಟ್ಕೊಂಡಿದೀಯಾ?"

"ಹೂಂ," ಎಂಬ ಉತ್ತರ ಮುಂದಿನ ಕೋಣೆಯಿಂದ ಬಂತು. ಅದೊಂದು ಹೂಂ ಮಾತ್ರ ಸರಿಯಾದ ಜಾಗದಲ್ಲಿ ಬಿದ್ದಿತ್ತು.

ಪೆಟ್ಟಿಗೆಯ ತುಂಬ ಸಣ್ಣ ತಟ್ಟೆಗಳು, ಒಂದು ಬದಿಗೆ ಒಂದು ಹಾಡಿನವು. ಅಮೆರಿಕದ ಕರಿಯರು ಹಾಡಿದ ಇವು, ಅಲ್ಲಿ ಯಾರೂ ಕೊಳ್ಳದೆ, ಗೋದಾಮಿನಲ್ಲಿ ಕೊಳೆತು, ಕೊನೆಗೆ ಹಡಗು ಹತ್ತಿ ಈ ನೂಲಿನ ಗಿರಣಿಗಳ ಊರಿಗೆ ಬಂದು ಬಿದ್ದವು. ಇಲ್ಲಿ ಅವುಗಳಿಗೆ ಪೂಜೆ. ಗಿರಣಿಯಲ್ಲಿ ವಾರವೆಲ್ಲ ಹತ್ತಿಯ ಧೂಳು ತಿಂದ ಹುಡುಗ ಹುಡುಗಿಯರು ಶನಿವಾರ ನೆಲಕ್ಕೆ ಟಾಲ್ಕಂ ಪೌಡರ್ ಎರಚಿ, ಬೆಳಗಾಗುವ ತನಕ ಜಾರಿ ಜಾರಿ ಕುಣಿಯುತ್ತಿದ್ದರು. ನಾರ್ದರ್ನ್ ಸೋಲ್, ಅಂದರೆ ಉತ್ತರದವರ ಸೋಲ್ ಸಂಗೀತ, ಎಂದು ಹೆಸರಿಟ್ಟವರು ದಕ್ಷಿಣದ ಲಂಡನ್ನಿನವರು. ಇಲ್ಲಿಯವರಿಗೆ ಅದು ಬರೀ ಶನಿವಾರ. ನಾರ್ಮಾ ಕುಣಿಯುವವಳು. ಕ್ಲಿಫ್ ಹಾಡು ಹಾಕುವವನು.

ಹಾಡು ಹಾಕುವವರ ನಡುವೆ ಒಂದು ಹಾಳು ಪದ್ಧತಿ ಇತ್ತು. ಯಾರಲ್ಲೂ ಇಲ್ಲದ ತಟ್ಟೆ ಕೈಗೆ ಸಿಕ್ಕಿತೋ, ನಡುವಿನ ಚೀಟಿಯ ಮೇಲೆ ಬಿಳಿ ಕಾಗದ ಅಂಟಿಸಿಬಿಡುವುದು. ಹಾಡಿನ ಹೆಸರು, ಹಾಡಿದವರ ಹೆಸರು ಎಲ್ಲ ಮುಚ್ಚಿಹೋಗಬೇಕು. ಮೇಲೆ ಬಾಯಿಗೆ ಬಂದ ಸುಳ್ಳು ಹೆಸರು ಬರೆಯುವುದು. ಎದುರಾಳಿ ಹುಡುಕಿ ಸಾಯಲಿ! ಹಾಗೆ ಕ್ಲಿಫ್‌ನ ಪೆಟ್ಟಿಗೆಯ ಅರ್ಧ ತಟ್ಟೆಗಳಿಗೆ ಬಿಳಿ ಮುಖ. ಒಂದರ ಮೇಲೆ ಮೂಲೆಯಂಗಡಿ ಮಾಂಸದವನ ಹೆಸರು, ಇನ್ನೊಂದರ ಮೇಲೆ ರೇಸಿನ ನಾಯಿಯ ಹೆಸರು. ಕೆಳಗಿನ ನಿಜ ಕ್ಲಿಫ್‌ನ ತಲೆಯಲ್ಲಿ ಮಾತ್ರ ಇತ್ತು. ಹೆಂಡತಿಗೂ ಹೇಳಿರಲಿಲ್ಲ.

ನಾರ್ಮಾ ಅವನ ಹಾಸಿಗೆಯ ಪಕ್ಕ ರೆಕಾರ್ಡು ಹಾಕುವ ಹಳೆಯ ಯಂತ್ರವಿಟ್ಟು, ದಿನಾ ಮಧ್ಯಾಹ್ನ ಒಂದೊಂದೇ ತಟ್ಟೆ ಹಾಕತೊಡಗಿದಳು. ಮೊದಲ ಹಾಡಿಗೇ ಅವಳ ಪಾದ ಎಚ್ಚೆತ್ತಿತು, ಸೊಂಟ ಬೈಯಿತು. ಮರೆತೇಹೋಗಿದ್ದ ಹಾಡುಗಳು ಒಂದೊಂದೂ ಎದ್ದು ಬಂದವು. ಇದು ಕುಣಿದು ಕುಣಿದು ಅವಳ ಹಿಮ್ಮಡಿ ಒಡೆದ ರಾತ್ರಿಯದು, ಇದು ಅವರಿಬ್ಬರ ಮೊದಲ ಜಗಳದ್ದು. ಕ್ಲಿಫ್‌ನ ಎಡಗಾಲು ಹೊದಿಕೆಯ ಕೆಳಗೆ ತಾಳ ಹಾಕುತ್ತಿತ್ತು. ಅಷ್ಟೇ.

ಆಮೇಲೆ ಮಿಸ್ ಆರ್ಲೀನ್ ಫ್ರಾಸ್ಟ್ ಬಂದಳು. ಅಂದರೆ ಬಿಳಿ ಕಾಗದದ ಮೇಲೆ ಹಾಗೆ ಬರೆದಿತ್ತು. ನಿಜವಾಗಿ ಆಕೆ ಯಾರೋ, ಆ ಭಗವಂತನೇ ಬಲ್ಲ. ತಮಟೆಯ ಹೊಡೆತ, ಹಿಂದೆ ಪಿಟೀಲು, ನಡುವೆ ಎದೆ ಸೀಳಿ ಬಂದ ಒಂದು ಹೆಣ್ಣಿನ ದನಿ. ಮೊದಲ ಸಾಲು ಮುಗಿಯುವಷ್ಟರಲ್ಲಿ ಕೋಣೆಯಲ್ಲಿ ಇನ್ನೊಂದು ದನಿ ಕೇಳಿತು. ನಾರ್ಮಾ ಬೆಚ್ಚಿ ಕಿಟಕಿಯತ್ತ ನೋಡಿದಳು. ಹಾಡುತ್ತಿದ್ದವನು ಕ್ಲಿಫ್. ಮಾತು ಮಾತೂ ಸ್ಪಷ್ಟ, ಒಂದಕ್ಷರ ತಪ್ಪಿಲ್ಲ. ಹಾಡು ನಿಂತ ಮೇಲೂ ನಾಲಿಗೆ ಸ್ವಲ್ಪ ಹೊತ್ತು ಬೆಚ್ಚಗಿತ್ತು. "ನಾರ್ಮಾ," ಎಂದ. "ಕಿಟಕಿ. ಮಂಜು." ಹೊರಗೆ ನಿಜಕ್ಕೂ ಮಂಜು ಸುರಿದಿತ್ತು. ಆಮೇಲೆ ಬಾಗಿಲು ಮತ್ತೆ ಮುಚ್ಚಿಕೊಂಡಿತು, ಹೂಂ.

ಆಸ್ಪತ್ರೆಗೆ ಫೋನು ಮಾಡಿದರೆ, ಹೀಗೂ ಆಗುವುದುಂಟು, ಮಾತು ಹೋದರೂ ಹಾಡು ಉಳಿಯುತ್ತದೆ, ಹಾಡಿನ ಬೆನ್ನಿಗೆ ಒಂದೆರಡು ಮಾತೂ ಬರಬಹುದು ಎಂದರು. ನಾರ್ಮಾ ಅಲ್ಲೇ ತೀರ್ಮಾನಿಸಿದಳು. ಮಿಸ್ ಬೀಸ್ಲಿ ಬಂದ ದಿನ ಈ ತಟ್ಟೆ ಹಾಕುವುದು, ಹಾಡಿಸುವುದು, ನಾಲಿಗೆ ಬೆಚ್ಚಗಿರುವಾಗಲೇ ಕೇಳಿಸುವುದು.

ದಿನಾ ಹಾಕಿದಳು. ದಿನಾ ಹಾಡಿದ. ಆದರೆ ದಿನದಿಂದ ದಿನಕ್ಕೆ ಆರ್ಲೀನ್ ಫ್ರಾಸ್ಟ್‌ಳ ದನಿಯ ಹಿಂದಿನಿಂದ ಇನ್ನೊಂದು ಸದ್ದು ಏಳತೊಡಗಿತು, ಯಾರೋ ಕಾಗದದ ಮೇಲೆ ಮರಳು ಸುರಿದ ಹಾಗೆ. ಒಂದು ದಿನ ಎರಡನೇ ಚರಣದ ಒಂದು ಮಾತನ್ನು ಆ ಮರಳು ನುಂಗಿತು. ಆ ದಿನ ಕ್ಲಿಫ್ ಕೂಡ ಆ ಮಾತು ಬಿಟ್ಟು ಹಾಡಿದ.

ಟ್ರೆವರ್ ಗ್ರಿಮ್‌ಶಾ ಬಾಗಿಲು ತಟ್ಟಿದ್ದು ಆಗಲೇ. ಕೈಯಲ್ಲಿ ಬಿಸಿ ಪೈಗಳ ಪೊಟ್ಟಣ. ಇವನೂ ಒಂದು ಕಾಲದಲ್ಲಿ ಹಾಡು ಹಾಕುತ್ತಿದ್ದವನೇ, ಕ್ಲಿಫ್‌ನ ಗೆಳೆಯನೂ ಹೌದು, ಎದುರಾಳಿಯೂ ಹೌದು. ಈಗಲೂ ಪ್ರತಿ ಭಾನುವಾರ ಮಧ್ಯಾಹ್ನ, ಪಿಲಿಂಗ್‌ರ ಬೀದಿಯ ಹಿಂದಿನ ರೈಲ್ವೆ ಕ್ಲಬ್ಬಿನಲ್ಲಿ, ಮಂಡಿ ನೋವಿನ ಮುದುಕ ಮುದುಕಿಯರನ್ನು ಕುಣಿಸುತ್ತಿದ್ದ. ಕ್ಲಿಫ್ ಮಲಗಿದಾಗಿನಿಂದ ವಾರಕ್ಕೊಮ್ಮೆ ಬರುತ್ತಿದ್ದ. ಹೀಗೆ ವಿಚಾರಿಸುವವರು ಅವನೊಬ್ಬನೇ ಅಲ್ಲ, ಯಾರ್ಯಾರೋ ಫೋನು ಮಾಡಿ, "ಕ್ಲಿಫ್ ಹೇಗಿದಾನೆ?" ಎಂದು ಕೇಳಿ, ಮಾರಿದೆನೆಂಬ ಅವನ ಮಾತನ್ನು ನಂಬದೆ, "ಅಂದಹಾಗೆ ಅವನ ಪೆಟ್ಟಿಗೆ..." ಎನ್ನುತ್ತಿದ್ದರು. ಸಾಯುವ ಮೊದಲೇ ಹದ್ದು ಸುತ್ತುವುದು ಈ ಜನರಲ್ಲಿ ಹೊಸದೇನಲ್ಲ.

ಹಾಡು ಬಾಗಿಲವರೆಗೂ ಕೇಳುತ್ತಿತ್ತು. ಟ್ರೆವರ್ ಹೊಸ್ತಿಲಲ್ಲೇ ನಿಂತುಬಿಟ್ಟ. ಪೊಟ್ಟಣದಿಂದ ಸಾರು ಸೋರಿ ಅವನ ಬೂಟಿನ ಮೇಲೆ ಬೀಳುತ್ತಿದ್ದರೂ ಗೊತ್ತಾಗಲಿಲ್ಲ.

"ಆರ್ಲೀನ್ ಫ್ರಾಸ್ಟ್," ಎಂದ ಪಿಸುಮಾತಿನಲ್ಲಿ. "ಮಾರಿದೀನಿ ಅಂದಿದ್ನಲ್ಲೇ ನಿನ್ ಗಂಡ! ನಿಜವಾದ ಹೆಸರು ಗೊತ್ತಿಲ್ದೇನೇ ಇದಕ್ಕೋಸ್ಕರ ನಾನು ಅಮೆರಿಕಕ್ಕೆ ಎಷ್ಟು ಕಾಗದ ಬರೆದಿಲ್ಲ. ಒಂದೇ ಒಂದು ಸಿಗಲಿಲ್ಲ ಕಣೇ."

"ಒಳಗಾದ್ರೂ ಬಾ ಮಾರಾಯ, ಪೈ ಎಲ್ಲಾ ನೆಲದ ಪಾಲಾಯ್ತು."

ಬಂದ. ಕ್ಲಿಫ್ ಹಾಡುವುದನ್ನು ನೋಡಿದ, ಆದರೆ ಅವನ ಕಣ್ಣು ಇದ್ದದ್ದು ತಿರುಗುವ ತಟ್ಟೆಯ ಮೇಲೆ. ಅದು ನಿಂತ ಮೇಲೆ ಅಂಚಿನಲ್ಲಿ ಹಿಡಿದೆತ್ತಿ ಉಗುರಿನಿಂದ ತಟ್ಟಿದ. ಅಂಗಿಯ ಗುಂಡಿಯ ಹಾಗೆ ಟಿಕ್ ಎಂದಿತು. ನಾರ್ಮಾ ಇರುವ ವಿಷಯವನ್ನೆಲ್ಲ ಹೇಳಿಕೊಂಡಳು, ಮಿಸ್ ಬೀಸ್ಲಿ, ಫರ್ನ್‌ಲೀ, ಎಲ್ಲ. ಇನ್ಯಾರ ಹತ್ತಿರ ಹೇಳಿಕೊಳ್ಳಬೇಕು?

"ಹುಚ್ಚಿ," ಎಂದ ಟ್ರೆವರ್, ಬೆಣ್ಣೆಯಿಂದ ಕೂದಲು ತೆಗೆದಂತೆ. "ಇದು ಅಗ್ಗದ ಪ್ಲಾಸ್ಟಿಕ್ಕು ಕಣೇ. ಒಂದೊಂದ್ಸಲ ಹಾಕಿದಾಗ್ಲೂ ಮುಳ್ಳು ಒಂದೊಂದು ಪದರ ಕೆರ್ಕೊಂಡು ಹೋಗತ್ತೆ. ಆ ಹೆಂಗ್ಸು ಬರೋ ಹೊತ್ಗೆ ಬರೀ ಮರಳು ಉಳಿದಿರತ್ತೆ. ಆಗ ಇವನು ಏನ್ ಹಾಡ್ತಾನೆ, ಮರಳಾ?"

ನಾರ್ಮಾ ಹೆದರಿದ್ದೇ ಅದಕ್ಕೆ.

"ನನಗೆ ಕೊಡು. ತೊಳೆದು, ಒಂದು ಕಾಪಿ ತೆಗೆದು ತಂದುಕೊಡ್ತೀನಿ. ಕಾಪಿ ದಿನಾ ಹಾಕ್ಕೋ, ಇದನ್ನ ಆ ಹೆಂಗಸು ಬಂದಾಗ ಹಾಕು."

"ಕಾಪಿಗೆ ಇವನು ಹಾಡಲ್ಲ ಟ್ರೆವರ್. ನಿನಗೆ ಗೊತ್ತಲ್ಲ ಇವನ ಕೊಬ್ಬು."

ಗೊತ್ತಿಲ್ಲದೆ ಏನು? ಊರಿಗೆಲ್ಲ ಗೊತ್ತಿತ್ತು. ಈ ಜನರಲ್ಲಿ ಮೂಲ ತಟ್ಟೆ ಬಿಟ್ಟು ನಕಲು ಹಾಕುವುದೆಂದರೆ ಕಳ್ಳತನಕ್ಕಿಂತ ಕೀಳು, ಅದರಲ್ಲೂ ಕ್ಲಿಫ್ ಮಡಿವಂತರಲ್ಲಿ ಮಡಿವಂತ. ತನ್ನ ಮದುವೆಯ ದಿನ ಹಾಡು ಹಾಕಲು ಬಾಡಿಗೆಗೆ ಕರೆಸಿದವನು ಒಂದು ನಕಲಿ ತಟ್ಟೆ ಹಾಕಿದ್ದಕ್ಕೆ, ಹೂ ಹಿಡಿದು ನಿಂತ ಹುಡುಗಿಯರೂ ಹೆಣ್ಣಿನ ತಾಯಿಯೂ ನೋಡುತ್ತಿದ್ದಂತೆ, ನೆಲದ ನಟ್ಟನಡುವೆ ಕೈಕಟ್ಟಿ ಕಂಬದ ಹಾಗೆ ನಿಂತಿದ್ದ. ನಾರ್ಮಾ ಒಬ್ಬಳೇ ಕುಣಿದಳು. ಆ ಸಿಟ್ಟು ಅವಳಿಗೆ ಇನ್ನೂ ಇಳಿದಿರಲಿಲ್ಲ. ಹುಲಿ ಹಸಿದರೆ ಹುಲ್ಲು ತಿನ್ನುತ್ತದೆಯೇ, ಎಂದು ಅವನ ಗೆಳೆಯರು ಬೇರೆ ಉಬ್ಬಿಸಿದ್ದರು.

"ಹಾಗಾದ್ರೆ ಕಾಪಿ ಬೇಡ, ತೊಳೆದಾದ್ರೂ ಕೊಡ್ತೀನಿ. ಮರಳು ಅರ್ಧ ಇಳಿಯತ್ತೆ," ಎಂದು ಟ್ರೆವರ್ ಹಾಸಿಗೆಯ ಮೇಲೆ ಬಾಗಿದ. "ಏನಪ್ಪಾ ಕ್ಲಿಫ್, ತಗೊಂಡು ಹೋಗ್ಲಾ?"

ಕ್ಲಿಫ್‌ನ ಎಡಗೈ ಹೊದಿಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಕಣ್ಣು ನಾರ್ಮಾಳನ್ನು ಹುಡುಕಿತು. "ಹೂಂ," ಎಂದ.

ಆ ಕೈಯನ್ನು ನಾರ್ಮಾ ನೋಡಿದಳು. ನೋಡಿಯೂ ಕೊಟ್ಟಳು. ಮರಳಿನ ಭಯ ಅಷ್ಟು ದೊಡ್ಡದಾಗಿತ್ತು.

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ. ಒಂದೆರಡು ದಿನ ಅಂದವನು ವಾರ ಕಳೆದರೂ ಪತ್ತೆ ಇಲ್ಲ. ಫೋನು ಎತ್ತಲಿಲ್ಲ. ಮನೆಗೆ ಹೋದರೆ ಪರದೆ ಎಳೆದಿತ್ತು, ವ್ಯಾನು ಇರಲಿಲ್ಲ. ಹಾಡಿಲ್ಲದ ಮಧ್ಯಾಹ್ನಗಳಲ್ಲಿ ಕ್ಲಿಫ್ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಊಟ ಇಳಿಯಲಿಲ್ಲ. ನಾರ್ಮಾ ಬೇರೆ ತಟ್ಟೆಗಳನ್ನು ಹಾಕಿ ನೋಡಿದಳು, ತುಟಿ ಅಲುಗಲಿಲ್ಲ. ಅತ್ತ ಫರ್ನ್‌ಲೀಯಿಂದ ಒಬ್ಬಳು ಫೋನು ಮಾಡಿ, "ಕೋಣೆ ಕಾದಿರಿಸಿದೀವಿ, ಅವರಿಗೆ ಇಷ್ಟದ ಬಣ್ಣ ಯಾವುದು?" ಎಂದು ಅಕ್ಕರೆಯಿಂದ ಕೇಳಿದಳು. ಬಣ್ಣ ಕೇಳುವವರು ಆಗಲೇ ಎಲ್ಲ ತೀರ್ಮಾನಿಸಿರುತ್ತಾರೆ.

ಮಿಸ್ ಬೀಸ್ಲಿ ಬರುವ ಹಿಂದಿನ ದಿನ ಟ್ರೆವರ್ ಬಂದ. ಒಳಗೆ ಬರಲಿಲ್ಲ, ವ್ಯಾನಿನ ಎಂಜಿನ್ನೂ ಆರಿಸಲಿಲ್ಲ. ಹೊಸ್ತಿಲಲ್ಲೇ ತಟ್ಟೆಯನ್ನು ಅವಳ ಕೈಗಿಟ್ಟ. ಅದೇ ಬಿಳಿ ಕಾಗದ, ಅದೇ ಕ್ಲಿಫ್‌ನ ಕೈಬರಹ, ಮಿಸ್ ಆರ್ಲೀನ್ ಫ್ರಾಸ್ಟ್.

"ಇವತ್ತು ಹಾಕ್ಬೇಡ ಕಣೇ, ನಾಳೆಗೆ ಉಳಿಸ್ಕೋ," ಎಂದ. "ಒಂದ್ಸಲವೂ ಹಾಕ್ಬೇಡ."

"ಎಲ್ಲಿ ಸತ್ತಿದ್ದೆ ಇಷ್ಟು ದಿನ? ನನ್ ಜೀವ ಬಾಯಿಗೆ ಬಂದಿತ್ತು."

"ಬಂದೆನಲ್ಲ ಬಿಡು," ಎಂದವನು ಅವಳ ಮುಖ ನೋಡದೆ ಹೊರಟ.

ತಟ್ಟೆ ಸ್ವಲ್ಪ ಭಾರ ಅನ್ನಿಸಿತು. ತೊಳೆದದ್ದಕ್ಕೆ ಇರಬೇಕು ಅಂದುಕೊಂಡಳು, ಪ್ಲಾಸ್ಟಿಕ್ಕು ನೀರು ಕುಡಿಯುತ್ತದೇನೋ ಎಂಬಂತೆ! ನಂಬಲೇಬೇಕಾದವರ ಬುದ್ಧಿ ಹಾಗೆಯೇ ಓಡುವುದು.

ಮಾರನೆಯ ದಿನ ಮಿಸ್ ಬೀಸ್ಲಿ ಬಂದಳು. ನಾರ್ಮಾ ಕ್ಲಿಫ್‌ಗೆ ಕ್ಷೌರ ಮಾಡಿಸಿ, ಇಸ್ತ್ರಿ ಅಂಗಿ ತೊಡಿಸಿ, ದಿಂಬಿಗೆ ಆನಿಸಿ ಕೂರಿಸಿದ್ದಳು. "ಒಂದು ಹಾಡು ಕೇಳಿ ಆಮೇಲೆ ಮಾತಾಡೋಣ, ಆಗಬಹುದಾ?" ಎಂದು ಬೇಡಿದಳು. ಮುಳ್ಳು ಎರಡು ಸಲ ಕೈಯಿಂದ ಜಾರಿತು.

ತಮಟೆ ಹೊಡೆಯಿತು. ಪಿಟೀಲು ಬಂತು. ಆ ಹೆಣ್ಣಿನ ದನಿ ನಿನ್ನೆ ಮೊನ್ನೆ ಹಾಡಿದ್ದೇನೋ ಎಂಬಷ್ಟು ಶುದ್ಧವಾಗಿ ಕೋಣೆ ತುಂಬಿತು. ಮರಳಿಲ್ಲ. ಎಲ್ಲೂ ಒಂದು ಕಾಳು ಮರಳಿಲ್ಲ. ನಾರ್ಮಾ ಮೊದಲು ಹಿಗ್ಗಿದಳು. ಆಮೇಲೆ ಕ್ಲಿಫ್‌ನ ಮುಖ ನೋಡಿದಳು.

ಅವನ ತುಟಿಗಳು ತೆರೆದಿದ್ದವು, ಮೊದಲ ಮಾತಿಗೆ ಸಿದ್ಧವಾಗಿ. ಹಾಗೇ ನಿಂತವು. ತಲೆ ಒಂದು ಬದಿಗೆ ವಾಲಿತು, ಹಳೆಯ ಕಾಲದಲ್ಲಿ ಎದುರಾಳಿಯ ಕ್ಲಬ್ಬಿನಲ್ಲಿ ಕಿವಿಗೊಟ್ಟು ನಿಲ್ಲುತ್ತಿದ್ದಂತೆ. ಮೊದಲ ಚರಣ ಹೋಯಿತು. ಎರಡನೆಯದೂ ಹೋಯಿತು. ತುಟಿಗಳು ಮುಚ್ಚಿಕೊಂಡವು.

"ಹಾಡೋ," ಎಂದಳು ನಾರ್ಮಾ. "ಹಾಡೋ ಕ್ಲಿಫ್, ನಿನ್ ಕಾಲಿಗೆ ಬೀಳ್ತೀನಿ." ಹೇಳುತ್ತಿರುವಾಗಲೇ ಅವಳಿಗೆ ತಿಳಿಯಿತು. ತೂಕ, ಓಡುತ್ತಿದ್ದ ಎಂಜಿನ್ನು, ಒಂದ್ಸಲವೂ ಹಾಕ್ಬೇಡ ಎಂದದ್ದು. ಟ್ರೆವರ್ ಮರಳನ್ನೆಲ್ಲ ಸೋಸಿ ಹಾಡನ್ನು ಹೊಸ ತಟ್ಟೆಗೆ ಇಳಿಸಿ, ಬಿಳಿ ಕಾಗದವನ್ನು ಬಿಡಿಸಿ ನಕಲಿಗೆ ಅಂಟಿಸಿ ತಂದಿದ್ದ. ಅವಳೇ ತನ್ನ ಕೈಯಾರೆ ಗಂಡನ ನಾಲಿಗೆಯನ್ನು ಕೊಟ್ಟು ಕಳಿಸಿದ್ದಳು. ಮುಗಿಯಿತು, ಎಲ್ಲ ಮುಗಿಯಿತು ಎಂದು ಅವಳು ಮುಖ ಮುಚ್ಚಿಕೊಂಡಳು.

"ಡೂಪ್ಲಿಕೇಟು."

ದನಿ ಒರಟಾಗಿತ್ತು, ತುಕ್ಕು ಹಿಡಿದಿತ್ತು. ಹಾಡಲ್ಲ, ಮಾತು. ಮಿಸ್ ಬೀಸ್ಲಿ ಬಾಗಿದಳು. "ಏನಂದ್ರಿ, ಮಿಸ್ಟರ್ ಪಿಲಿಂಗ್?"

"ಡೂಪ್ಲಿಕೇಟು!" ಕ್ಲಿಫ್‌ನ ಕತ್ತಿನ ನರ ಉಬ್ಬಿತ್ತು, ಎಡಗೈ ಯಂತ್ರದ ಕಡೆ ಚಾಚಿತ್ತು. "ತೆಗಿ. ತೆಗಿ ಅದನ್ನ!"

ನಾರ್ಮಾ ಎದ್ದು ಮುಳ್ಳು ಎತ್ತಿದಳು. "ಸರಿಯಾಗೇ ಹೇಳ್ತಿದಾನೆ ಕಣಮ್ಮಾ," ಎಂದಳು, ಅಳುವೋ ನಗುವೋ ಅವಳಿಗೇ ತಿಳಿಯದೆ. "ಇದು ನಕಲಿ. ನನಗೆ ಮೋಸ ಮಾಡಿ ಕೊಟ್ಟಿದಾರೆ. ಇವನಿಗೆ ಗೊತ್ತಾಯ್ತು."

ಮಿಸ್ ಬೀಸ್ಲಿ ಕುರ್ಚಿಯನ್ನು ಹಾಸಿಗೆಗೆ ತಾಗುವಷ್ಟು ಹತ್ತಿರ ಎಳೆದುಕೊಂಡಳು. "ಮಿಸ್ಟರ್ ಪಿಲಿಂಗ್. ಫರ್ನ್‌ಲೀಗೆ ಹೋಗ್ತೀರಾ?"

ಅವನ ತುಟಿ ದುಂಡಗಾಯಿತು. ಹಳೆಯ ಹೂಂ ಅಲ್ಲೇ ಹೊರಡಲು ನಿಂತಿತ್ತು. ಅವನು ಇನ್ನೂ ತಿರುಗುತ್ತಲೇ ಇದ್ದ ತಟ್ಟೆಯನ್ನು ನೋಡಿದ, ಅದೇ ಸಿಟ್ಟಿನ ಕಣ್ಣನ್ನು ಹಾಗೇ ತಿರುಗಿಸಿ ಮಿಸ್ ಬೀಸ್ಲಿಯ ಮೇಲಿಟ್ಟ.

"ಬೇಡ," ಎಂದ.

ಅವಳು ಇನ್ನೊಂದು ಬಗೆಯಲ್ಲಿ ಕೇಳಿದಳು. ಬೇಡ. ಮತ್ತೊಂದು ಬಗೆಯಲ್ಲಿ ಕೇಳಿದಳು. ಬೇಡ. ಇಲ್ಲೇ, ನಾರ್ಮಾ ಹತ್ತಿರ ಇರ್ತೀರಾ, ಸಹಾಯಕ್ಕೆ ದಿನಾ ಒಬ್ಬರನ್ನ ಕಳಿಸಿದ್ರೆ? ಅದಕ್ಕೆ ಹೌದೆಂದು ತಲೆ ಆಡಿಸಿದ. ಮಿಸ್ ಬೀಸ್ಲಿ ಕೊಟ್ಟ ಮಾತು ಉಳಿಸಿಕೊಂಡಳು. ಕ್ಲಿಫ್ ಮನೆಯಲ್ಲೇ ಉಳಿದ.

ಮಾರನೆಯ ದಿನ ನಾರ್ಮಾ ಕೋಲೂರಿಕೊಂಡು ಟ್ರೆವರ್‌ನ ಮನೆಗೆ ಹೋದಳು. ಅವನು ಬಾಗಿಲನ್ನು ಅರ್ಧ ತೆರೆದ.

"ತಟ್ಟೆ ಕೊಡೋ, ಮನೆಹಾಳ."

"ಯಾವ ತಟ್ಟೆ? ಹೆಸರು ಹೇಳು."

"ಆರ್ಲೀನ್ ಫ್ರಾಸ್ಟ್."

"ಆ ಹೆಸರಿನವಳು ಈ ಭೂಮಿ ಮೇಲೇ ಹುಟ್ಟಿಲ್ಲ ಕಣೇ, ನಿನ್ ಗಂಡ ಕಟ್ಟಿದ ಹೆಸರು ಅದು. ನಿಜವಾದ ಹೆಸರು ಹೇಳು, ಈಗಲೇ ಕೊಡ್ತೀನಿ." ಅವಳು ಕೋಲಿನಿಂದ ಬಾಗಿಲನ್ನು ಒತ್ತಿದಳು. "ಗೊತ್ತಿಲ್ಲ ಅಲ್ವಾ? ಅಲ್ದೆ ತಗೊಂಡು ಹೋಗ್ಲಾ ಅಂತ ನಾನು ಕೇಳ್ದೆ, ಅವನು ಹೂಂ ಅಂದ. ನಿನ್ ಮುಂದೇನೇ." ಬಾಗಿಲು ಮುಚ್ಚಿತು.

ಮನೆಗೆ ಬಂದು ಕ್ಲಿಫ್‌ನನ್ನು ಕೇಳಿದಳು. ಬೇಡಿದಳು, ಬೈದಳು, ಕಾಗದ ಪೆನ್ನು ಕೊಟ್ಟಳು. ಆ ಹೆಸರು ಅವನ ಹಣೆಯ ಹಿಂದೆಯೇ ಎಲ್ಲೋ ಇತ್ತು, ತಡಕಾಡುವುದು ಅವಳಿಗೆ ಕಾಣುತ್ತಿತ್ತು. ಹೊರಗೆ ಬರಲಿಲ್ಲ. ಯಾರಿಗೂ ಸಿಗಬಾರದೆಂದು ಅವನೇ ಮುಚ್ಚಿಟ್ಟಿದ್ದ, ಈಗ ಅವನಿಗೂ ಸಿಗಲಿಲ್ಲ.

ಭಾನುವಾರ ಮಧ್ಯಾಹ್ನ ಕೋಣೆಯ ಗಾಳಿ ಬದಲಾಗಲೆಂದು ಕಿಟಕಿ ತೆರೆದಿದ್ದಳು. ಹಿಂದಿನ ಬೀದಿಯ ರೈಲ್ವೆ ಕ್ಲಬ್ಬಿನಿಂದ ತಮಟೆಯ ಹೊಡೆತ ಇಟ್ಟಿಗೆ ಗೋಡೆಗಳನ್ನು ದಾಟಿ ಬಂತು. ಆಮೇಲೆ ಪಿಟೀಲು. ಆಮೇಲೆ ಆ ದನಿ, ಅದರ ಹಿಂದೆ ಮರಳು. ಟ್ರೆವರ್ ಅದಕ್ಕೆ ಇನ್ನಾವ ಬಿಳಿ ಕಾಗದ ಅಂಟಿಸಿ, ಇನ್ನಾವ ಹೆಸರು ಬರೆದಿದ್ದನೋ. ಜನ ಕೂಗಿ ಚಪ್ಪಾಳೆ ತಟ್ಟುತ್ತಿದ್ದರು.

ನಾರ್ಮಾ ಕ್ಲಿಫ್‌ನ ಬಾಯಿಯನ್ನೇ ನೋಡುತ್ತ ಕಾದಳು. ಇದು ಮೂಲದ್ದು, ಇದಕ್ಕಾದರೂ ಹಾಡಲಿ. ತುಟಿ ಅಲುಗಿತು, ಹುಡುಕಿತು, ಒಂದು ಮಾತೂ ಸಿಗದೆ ನಿಂತಿತು. ತಟ್ಟೆಯಿಲ್ಲದ ದಿನಗಳಲ್ಲಿ ಹಾಡೂ ನಾಲಿಗೆಯಿಂದ ಜಾರಿಹೋಗಿತ್ತು. ಅವನ ಕಣ್ಣಲ್ಲಿ ನೀರು ತುಂಬಿತು. ಅವಳಿಗೆ ತಡೆಯಲಾಗಲಿಲ್ಲ, ಕಿಟಕಿ ಮುಚ್ಚಿಬಿಡೋಣವೆಂದು ಎದ್ದಳು.

"ಬೇಡ," ಎಂದ ಕ್ಲಿಫ್.

ಅವಳು ತೆರೆದೇ ಬಿಟ್ಟು, ಅವನ ಹೊದಿಕೆಯನ್ನು ಕತ್ತಿನವರೆಗೆ ಎಳೆದು, ಪಕ್ಕದಲ್ಲಿ ಕೂತಳು. ಹಾಡು ಮುಗಿಯುವ ತನಕ ಕೋಣೆಯೊಳಗೆ ಚಳಿ ಬರುತ್ತಲೇ ಇತ್ತು.